ಅರ್ಧಕ್ಕೆ ನಿಂತ ಯುದ್ಧವನ್ನು ಮುಗಿಸಿದವನು

ಎಂ.ಎ. ಓದುವಾಗ ನಾವು ಆಂಡ್ರ್ಯೂ ಮಾರ್ವೆಲ್‌ನ ಕೆಲವು ಪದ್ಯಗಳನ್ನು ಓದಿದ್ದೆವು. ಅವುಗಳಲ್ಲಿ ಒಂದು, ಟಾಮ್ ಮೇ ಎಂಬ ಕವಿ ಸತ್ತಾಗ ಬರೆದ ವಿಡಂಬನೆ. ಅದರಲ್ಲಿ ಕುಡಿದ ಅಮಲಿನಲ್ಲೇ ಸತ್ತ ಮೇ ಪರಲೋಕಕ್ಕೆ ಹೋಗುತ್ತಾನೆ. ಅದು ಯಾವುದೋ ಹೆಂಡದಂಗಡಿ ಇರಬೇಕೆಂದುಕೊಳ್ಳುತ್ತಾನೆ. ಅಲ್ಲಿ ಹಿರಿಯ ಕವಿ ಬೆನ್ ಜಾನ್ಸನ್ ಅವನನ್ನು ಎದುರುಗೊಂಡು, ನೀನು ದ್ರೋಹಿ, ನಿನಗೆ ಕವಿಗಳ ನಡುವೆ ಜಾಗವಿಲ್ಲ ಎಂದು ಹೊಡೆದು ಅಟ್ಟುತ್ತಾನೆ. ಮೇಷ್ಟ್ರು ಅದನ್ನು ಸೊಗಸಾಗಿ ಓದಿ ಹೇಳಿದರು. ನಾವೆಲ್ಲ ನಕ್ಕೆವು. ಈ ಟಾಮ್ ಮೇ ಯಾರು, ಅವನು ಏನು ಬರೆದಿದ್ದ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಬೈಸಿಕೊಂಡವನು ಬೈಸಿಕೊಳ್ಳಲು ಅರ್ಹನೇ ಆಗಿದ್ದಿರಬೇಕು ಎಂದು ನಂಬುವುದು ಎಷ್ಟು ಸುಲಭ!

ಎಷ್ಟೋ ವರ್ಷಗಳ ನಂತರ, ಬೇರೆ ಏನನ್ನೋ ಹುಡುಕುತ್ತಿದ್ದಾಗ, ಆ ಹೆಸರು ಮತ್ತೆ ಸಿಕ್ಕಿತು. ರೋಮಿನ ಕವಿ ಲೂಕನ್ ಅರ್ಧಕ್ಕೆ ಬಿಟ್ಟುಹೋದ ಮಹಾಕಾವ್ಯವನ್ನು ಇಂಗ್ಲಿಷಿಗೆ ತಂದವನು, ತಂದದ್ದಷ್ಟೇ ಅಲ್ಲದೆ ಮುಂದಿನ ಏಳು ಪುಸ್ತಕಗಳನ್ನು ತಾನೇ ಬರೆದು ಕಥೆಯನ್ನು ದಡ ಸೇರಿಸಿದವನು ಇದೇ ಥಾಮಸ್ ಮೇ. ಅಂದು ನಕ್ಕ ನಗೆ ಆ ದಿನ ಯಾಕೋ ನೆನಪಾಗಿ ಮುಜುಗರವಾಯಿತು. ಈ ಬರಹ ಆ ಮುಜುಗರದಿಂದ ಹುಟ್ಟಿದ್ದು.

ಮೊದಲು ಲೂಕನ್‌ನ ವಿಷಯ ಹೇಳಬೇಕು. ಕ್ರಿ.ಶ. 39ರಲ್ಲಿ ಈಗಿನ ಸ್ಪೇನಿನ ಕಾರ್ಡೊಬಾದಲ್ಲಿ ಹುಟ್ಟಿದವನು. ತತ್ತ್ವಜ್ಞಾನಿ ಸೆನೆಕಾನ ತಮ್ಮನ ಮಗ. ಸೆನೆಕಾ ನೀರೋ ಚಕ್ರವರ್ತಿಯ ಗುರುವಾಗಿದ್ದರಿಂದ ಹುಡುಗನಿಗೆ ಅರಮನೆಯ ಬಾಗಿಲು ಬೇಗ ತೆರೆಯಿತು. 60ರಲ್ಲಿ ನೀರೋ ನಡೆಸಿದ ಉತ್ಸವದಲ್ಲಿ ಚಕ್ರವರ್ತಿಯನ್ನೇ ಹೊಗಳಿ ಹಾಡಿ ಬಹುಮಾನ ಗೆದ್ದ. ಆಮೇಲೆ ಇಬ್ಬರಿಗೂ ಕೆಟ್ಟಿತು. ನೀರೋ ಕೂಡ ತನ್ನನ್ನು ಕವಿ ಎಂದುಕೊಂಡಿದ್ದವನು; ತನಗಿಂತ ಚೆನ್ನಾಗಿ ಬರೆಯುವವನೊಬ್ಬ ಪಕ್ಕದಲ್ಲೇ ಇರುವುದನ್ನು ಅವನು ಸಹಿಸಲಿಲ್ಲ. ಲೂಕನ್‌ಗೆ ಕಾವ್ಯವಾಚನ ಮಾಡದಂತೆ ತಡೆ ಬಿತ್ತು. 65ರಲ್ಲಿ ನೀರೋನನ್ನು ಕೊಲ್ಲುವ ಪಿತೂರಿಯಲ್ಲಿ ಅವನ ಹೆಸರು ಹೊರಬಂತು. ರಕ್ತನಾಳ ಕತ್ತರಿಸಿಕೊಂಡು ಸಾಯುವಂತೆ ಅಪ್ಪಣೆಯಾಯಿತು. ಆಗ ಅವನಿಗೆ 25 ವರ್ಷ.

ಇತಿಹಾಸಕಾರ ಟ್ಯಾಸಿಟಸ್ ಆ ಸಾವಿನ ಬಗ್ಗೆ ಎರಡು ಸಂಗತಿ ಹೇಳುತ್ತಾನೆ. ಒಂದು, ರಕ್ತ ಹರಿದು ಕೈಕಾಲು ತಣ್ಣಗಾಗುತ್ತಿದ್ದಾಗ ಲೂಕನ್ ತಾನೇ ಬರೆದಿದ್ದ, ಗಾಯಗೊಂಡ ಸೈನಿಕನೊಬ್ಬ ಅದೇ ರೀತಿ ಸಾಯುವ ಪದ್ಯವನ್ನು ನೆನಪಿಸಿಕೊಂಡು ಹೇಳುತ್ತ ಸತ್ತ. ಇನ್ನೊಂದು, ಅದಕ್ಕೆ ಮುಂಚೆ ಜೀವದಾನದ ಆಸೆ ತೋರಿಸಿದಾಗ ಅವನು ತನ್ನ ಸ್ವಂತ ತಾಯಿಯ ಹೆಸರನ್ನೇ ಪಿತೂರಿಗಾರರ ಪಟ್ಟಿಗೆ ಸೇರಿಸಿದ. ಒಂದೇ ಮನುಷ್ಯನ ಕೊನೆಯ ದಿನಗಳಲ್ಲಿ ಈ ಎರಡೂ ಇವೆ. ಲೂಕನ್‌ನನ್ನು ಸ್ವಾತಂತ್ರ್ಯದ ಹುತಾತ್ಮ ಎಂದು ಕೊಂಡಾಡುವವರು ಮೊದಲನೆಯದನ್ನು ಹೇಳುತ್ತಾರೆ, ಎರಡನೆಯದನ್ನು ನುಂಗಿಕೊಳ್ಳುತ್ತಾರೆ.

ಅವನು ಬಿಟ್ಟುಹೋದ ಕಾವ್ಯಕ್ಕೆ 'ಅಂತರ್ಯುದ್ಧ' ಎಂದೂ 'ಫಾರ್ಸೇಲಿಯಾ' ಎಂದೂ ಹೆಸರು. ವಸ್ತು, ಜೂಲಿಯಸ್ ಸೀಸರ್ ಮತ್ತು ಪಾಂಪೆಯ ನಡುವಿನ ಯುದ್ಧ. ಕ್ರಿ.ಪೂ. 49ರಲ್ಲಿ ಸೀಸರ್ ರೂಬಿಕನ್ ನದಿ ದಾಟಿ ಸ್ವಂತ ದೇಶದ ಮೇಲೆ ಸೈನ್ಯ ತಂದ. ಮರುವರ್ಷ ಫಾರ್ಸಲಸ್ ಬಯಲಿನಲ್ಲಿ ಪಾಂಪೆ ಸೋತ. ಈಜಿಪ್ಟಿಗೆ ಓಡಿಹೋದ ಅವನ ತಲೆಯನ್ನು ಅಲ್ಲಿನವರು ಕತ್ತರಿಸಿದರು. ಮಹಾಕಾವ್ಯ ಎಂದರೆ ದೇವತೆಗಳು ಬಂದು ಕಥೆ ನಡೆಸಬೇಕು ಎಂಬ ವಾಡಿಕೆಯನ್ನು ಲೂಕನ್ ಮುರಿದ. ಇಲ್ಲಿ ದೇವತೆಗಳು ಇಳಿದು ಬರುವುದಿಲ್ಲ. ಮನುಷ್ಯರೇ ಮನುಷ್ಯರನ್ನು, ಅಣ್ಣ ತಮ್ಮನನ್ನು, ಮಾವ ಅಳಿಯನನ್ನು ಕೊಲ್ಲಲು ಹೊರಡುತ್ತಾರೆ. ಪಾಂಪೆ ನಿಜಕ್ಕೂ ಸೀಸರನ ಅಳಿಯನಾಗಿದ್ದವನು. ಕವಿಯ ಒಲವು ಸೋತವರ ಕಡೆಗೆ. ಅದರಲ್ಲೂ ಕ್ಯಾಟೊನ ಕಡೆಗೆ. ಆದರೆ ಕಾವ್ಯದ ಆರಂಭದಲ್ಲಿ, ನೀರೋನಂಥ ದೊರೆ ಬರಲು ಇಷ್ಟೆಲ್ಲ ರಕ್ತ ಹರಿಯಬೇಕಾಗಿದ್ದರೆ ಹರಿಯಲಿ ಎಂಬ ಅರ್ಥದ ಸ್ತುತಿಯೂ ಇದೆ. ಅದು ನಿಜವಾದ ಹೊಗಳಿಕೆಯೋ, ಹಲ್ಲು ಕಚ್ಚಿ ನಕ್ಕ ವ್ಯಂಗ್ಯವೋ ಎಂಬ ವಾದ ಇನ್ನೂ ಮುಗಿದಿಲ್ಲ.

ಹತ್ತನೆಯ ಪುಸ್ತಕದ ನಡುವೆ ಕಾವ್ಯ ನಿಂತುಬಿಡುತ್ತದೆ. ಸೀಸರ್ ಅಲೆಕ್ಸಾಂಡ್ರಿಯಾದಲ್ಲಿ ಶತ್ರುಗಳ ನಡುವೆ ಸಿಕ್ಕಿಬಿದ್ದಿದ್ದಾನೆ. ಒಂದು ಕಡೆ ಹಡಗುಗಳು, ಇನ್ನೊಂದು ಕಡೆ ಕಾಲಾಳುಗಳು. ಅವನು ಹಿಂದಿರುಗಿ ನೋಡುತ್ತಾನೆ. ಗುಂಪಿನಲ್ಲಿ ತನ್ನ ಹಳೆಯ ವೀರ ಸೀವಾ ಕಾಣಿಸುತ್ತಾನೆ. ಅಷ್ಟೇ. ಮುಂದಿನ ಸಾಲಿಲ್ಲ.

ನಮಗೆ ಇಂಥದ್ದು ಹೊಸದಲ್ಲ. ಕುಮಾರವ್ಯಾಸ ಹತ್ತು ಪರ್ವ ಬರೆದು ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣಕವಿ ಪೂರೈಸಿದ. ಬಾಣನ 'ಕಾದಂಬರಿ'ಯನ್ನು ಅವನ ಮಗ ಮುಗಿಸಿದ. ಜಿನಸೇನರ ಮಹಾಪುರಾಣವನ್ನು ಶಿಷ್ಯ ಗುಣಭದ್ರರು ಪೂರ್ತಿ ಮಾಡಿದರು. ಮುಂದುವರಿಸಿದವರ ಹೆಸರು ಯಾವಾಗಲೂ ಎರಡನೆಯದೇ. ತಿಮ್ಮಣ್ಣಕವಿಯನ್ನು ಇವತ್ತು ಗಮಕದಲ್ಲಿ ಯಾರು ಹಾಡುತ್ತಾರೆ? ಆದರೆ ಇವರ ಕೆಲಸಕ್ಕೂ ಥಾಮಸ್ ಮೇ ಮಾಡಿದ ಕೆಲಸಕ್ಕೂ ಒಂದು ವ್ಯತ್ಯಾಸವಿದೆ. ಮಗ ತಂದೆಯದನ್ನು, ಶಿಷ್ಯ ಗುರುವಿನದನ್ನು ಮುಗಿಸಿದ್ದು ಋಣ ತೀರಿಸುವ ಕೆಲಸ. ಮೇ ಮುಗಿಸಲು ಹೊರಟದ್ದು ಒಂದೂವರೆ ಸಾವಿರ ವರ್ಷಗಳಿಗೂ ಹಿಂದೆ ಒಬ್ಬ ದೊರೆ ಬಾಯಿ ಮುಚ್ಚಿಸಿದ ಕವಿಯ ಕಾವ್ಯವನ್ನು. ಅದೂ ಇನ್ನೊಬ್ಬ ದೊರೆಯ ಕಣ್ಣೆದುರಿನಲ್ಲಿ.

ಮೇ ಹುಟ್ಟಿದ್ದು 1590ರ ದಶಕದ ನಡುವೆ, ಸಸೆಕ್ಸ್ ಪ್ರಾಂತದ ಒಳ್ಳೆಯ ಮನೆತನದಲ್ಲಿ. ಅಪ್ಪ ಆಸ್ತಿ ಕರಗಿಸಿದ್ದರಿಂದ ಮಗನಿಗೆ ಹೆಸರು ಉಳಿಯಿತು, ಹಣ ಉಳಿಯಲಿಲ್ಲ. ಕೇಂಬ್ರಿಜ್‌ನಲ್ಲಿ ಓದಿ, ಲಂಡನ್ನಿನ ಗ್ರೇಸ್ ಇನ್‌ನಲ್ಲಿ ವಕೀಲಿಕೆಗೆ ಸೇರಿದ. ಮಾತು ತೊದಲುತ್ತಿತ್ತು. ಹಾಗಾಗಿ ಹೊಸಬರ ನಡುವೆ ಬಾಯಿ ಬಿಡಲು ನಾಚುತ್ತಿದ್ದನಂತೆ. ತೊದಲುವ ವಕೀಲನಿಗೆ ನ್ಯಾಯಾಲಯದಲ್ಲಿ ಏನು ಕೆಲಸ? ಅವನು ನಾಟಕ, ಅನುವಾದಗಳ ಕಡೆಗೆ ತಿರುಗಿದ. ಲೂಕನ್‌ನ ಮೊದಲ ಮೂರು ಪುಸ್ತಕಗಳು 1626ರಲ್ಲಿ, ಹತ್ತೂ ಪುಸ್ತಕಗಳು 1627ರಲ್ಲಿ ಹೊರಬಂದವು. ಮಾರ್ಲೋ ಮೊದಲ ಪುಸ್ತಕವನ್ನಷ್ಟೇ ಅನುವಾದಿಸಿದ್ದ. ಆರ್ಥರ್ ಗಾರ್ಜಸ್ 1614ರಲ್ಲಿ ಪೂರ್ತಿ ತಂದಿದ್ದ. ಆದರೆ ಒಂದು ಶತಮಾನದಷ್ಟು ಕಾಲ ಇಂಗ್ಲಿಷ್ ಓದುಗರ ಕೈಯಲ್ಲಿ ಉಳಿದದ್ದು ಮೇ ಪ್ರಾಸಬದ್ಧ ದ್ವಿಪದಿಗಳಲ್ಲಿ ಮಾಡಿದ ಅನುವಾದ. ಅದಕ್ಕೆ ಮುನ್ನುಡಿಯಾಗಿ ಹೊಗಳಿಕೆಯ ಪದ್ಯ ಬರೆದುಕೊಟ್ಟವನು ಬೇರೆ ಯಾರೂ ಅಲ್ಲ, ಬೆನ್ ಜಾನ್ಸನ್. ಮಾರ್ವೆಲ್‌ನ ಪದ್ಯದಲ್ಲಿ ಮೇಯನ್ನು ಹೊಡೆದು ಓಡಿಸುವ ಅದೇ ಜಾನ್ಸನ್, ಬದುಕಿದ್ದಾಗ ಅವನನ್ನು ತಾನು ಆರಿಸಿಕೊಂಡ ಗೆಳೆಯ ಎಂದು ಕರೆದಿದ್ದ. ಇದನ್ನು ನಮ್ಮ ತರಗತಿಯಲ್ಲಿ ಯಾರೂ ಹೇಳಿರಲಿಲ್ಲ.

1627ನ್ನು ಸ್ವಲ್ಪ ನಿಂತು ನೋಡಬೇಕು. ಒಂದನೆಯ ಚಾರ್ಲ್ಸ್ ಆಗಷ್ಟೇ ಪಾರ್ಲಿಮೆಂಟನ್ನು ವಿಸರ್ಜಿಸಿ, ಅದರ ಒಪ್ಪಿಗೆಯಿಲ್ಲದೆ ಪ್ರಜೆಗಳಿಂದ ಬಲವಂತದ ಸಾಲ ಎತ್ತುತ್ತಿದ್ದ. ಕೊಡಲು ನಿರಾಕರಿಸಿದ ಗಣ್ಯರು ಸೆರೆಮನೆ ಸೇರಿದರು. ಅಂಥ ವರ್ಷದಲ್ಲಿ, ಗಣರಾಜ್ಯ ಹೇಗೆ ಸತ್ತಿತು ಎಂಬ ಕಾವ್ಯ ಇಂಗ್ಲಿಷಿನಲ್ಲಿ ಬಂತು. ಇಡೀ ಪುಸ್ತಕದ ಅರ್ಪಣೆ ಡೆವನ್‌ಶೈರ್‌ನ ಅರ್ಲ್ ವಿಲಿಯಂ ಕ್ಯಾವೆಂಡಿಶ್‌ಗೆ. ಒಳಗಿನ ಬಿಡಿ ಪುಸ್ತಕಗಳ ಅರ್ಪಣೆ ಬೇರೆ ಬೇರೆ ಪ್ರಭುಗಳಿಗೆ. ಅವರಲ್ಲಿ ಕೆಲವರು ಆ ಸಾಲವನ್ನು ವಿರೋಧಿಸಿದವರು. ಉಳಿದುಬಂದಿರುವ ಕೆಲವು ಪ್ರತಿಗಳಲ್ಲಿ ಈ ಬಿಡಿ ಅರ್ಪಣೆಗಳ ಹಾಳೆಗಳು ಇಲ್ಲ, ಕಿತ್ತುಹಾಕಲಾಗಿದೆ. ಹಾಳೆ ಕಿತ್ತವರು ಆ ಕಾವ್ಯವನ್ನು ಹಳೆಯ ರೋಮಿನ ಕಥೆ ಎಂದಷ್ಟೇ ಓದಿರಲಿಲ್ಲ ಎಂಬುದಂತೂ ಸ್ಪಷ್ಟ.

ಕ್ಯಾವೆಂಡಿಶ್ ಮನೆಯಲ್ಲಿ ಆಗ ಇನ್ನೊಬ್ಬ ಅನುವಾದಕ ಕಾರ್ಯದರ್ಶಿಯಾಗಿದ್ದ: ಥಾಮಸ್ ಹಾಬ್ಸ್. ಅವನು ಥುಸಿಡಿಡೀಸನನ್ನು ಇಂಗ್ಲಿಷಿಗೆ ತಂದು 1629ರಲ್ಲಿ ಪ್ರಕಟಿಸಿದ. ಅದೇ ಹಾಬ್ಸ್ ಮುಂದೆ 1651ರ 'ಲೆವಿಯಾಥನ್'ನಲ್ಲಿ, ರಾಜರ ವಿರುದ್ಧ ದಂಗೆಗೆ ಒಂದು ಮುಖ್ಯ ಕಾರಣವೇ ಗ್ರೀಕರ, ರೋಮನರ ಹಳೆಯ ಪುಸ್ತಕಗಳನ್ನು ಎಳೆಯರು ಓದುವುದು ಎಂದು ಬರೆದ. ಆ ಪುಸ್ತಕಗಳ ವಿಷವನ್ನು ಹುಚ್ಚುನಾಯಿಯ ಕಡಿತಕ್ಕೆ ಹೋಲಿಸಿದ. ಒಂದೇ ಅರ್ಲನ ನೆರಳಿನಲ್ಲಿ ಆ ವಿಷವನ್ನು ಹಂಚಿದವನೂ ಇದ್ದ, ವಿಷವೆಂದು ಕೂಗಿದವನೂ ಇದ್ದ.

ಮೂರು ವರ್ಷದ ನಂತರ, 1630ರಲ್ಲಿ, ಮೇ ತನ್ನ ಮುಂದುವರಿಕೆಯನ್ನು ಪ್ರಕಟಿಸಿದ. ಏಳು ಪುಸ್ತಕ. ಈ ಬಾರಿ ಅರ್ಪಣೆ ಸ್ವತಃ ದೊರೆ ಚಾರ್ಲ್ಸ್‌ಗೆ.

ಇಲ್ಲಿ ಓದುಗನಿಗೆ ಒಂದು ಪ್ರಶ್ನೆ ಏಳುತ್ತದೆ. ಲೂಕನ್ ಬದುಕಿದ್ದರೆ ಎಲ್ಲಿಗೆ ಮುಗಿಸುತ್ತಿದ್ದ? ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕ್ರಿ.ಪೂ. 46ರಲ್ಲಿ ಯೂಟಿಕಾ ನಗರದಲ್ಲಿ ಕ್ಯಾಟೊ ಆತ್ಮಹತ್ಯೆ ಮಾಡಿಕೊಂಡ ದಿನಕ್ಕೆ ಎಂದು ಕೆಲವರು. 44ರ ಮಾರ್ಚ್ 15ರಂದು ಸೀಸರ್ ಕೊಲೆಯಾದ ದಿನಕ್ಕೆ ಎಂದು ಇನ್ನು ಕೆಲವರು. ಫಿಲಿಪ್ಪಿಯಲ್ಲಿ ಬ್ರೂಟಸ್ ಸೋತ ದಿನಕ್ಕೆ ಎಂದು ಮತ್ತೆ ಕೆಲವರು. ಎಲ್ಲಿ ಮುಗಿಸುತ್ತೀರಿ ಎಂಬುದರ ಮೇಲೆ ಕಥೆಯ ಅರ್ಥವೇ ಬದಲಾಗುತ್ತದೆ. ಕ್ಯಾಟೊನ ಸಾವಿಗೆ ನಿಲ್ಲಿಸಿದರೆ, ಬಾಗದೆ ಸತ್ತವನ ಕಥೆ. ಫಿಲಿಪ್ಪಿಗೆ ನಿಲ್ಲಿಸಿದರೆ, ಗಣರಾಜ್ಯದ ಕೊನೆಯ ಸೋಲಿನ ಕಥೆ. ಸೀಸರನ ಕೊಲೆಗೆ ನಿಲ್ಲಿಸಿದರೆ? ಅದು ನ್ಯಾಯ ಸಿಕ್ಕಿದ ಕಥೆಯೂ ಆಗಬಹುದು, ಇನ್ನಷ್ಟು ರಕ್ತದ ಮುನ್ಸೂಚನೆಯೂ ಆಗಬಹುದು. ಮೇ ಆರಿಸಿಕೊಂಡದ್ದು ಈ ಮೂರನೆಯದನ್ನು. ಅಲೆಕ್ಸಾಂಡ್ರಿಯಾದಿಂದ ಹೊರಟು, ಕ್ಯಾಟೊನ ಸಾವು, ಸೀಸರನ ವಿಜಯೋತ್ಸವ, ಸ್ಪೇನಿನ ಮುಂಡಾ ಯುದ್ಧ ಎಲ್ಲವನ್ನೂ ದಾಟಿ, ಸೆನೆಟ್ಟಿನ ಕಠಾರಿಗಳ ನಡುವೆ ಕಾವ್ಯವನ್ನು ಮುಗಿಸಿದ. ಏಕಾಧಿಪತಿಯ ಕೊಲೆಯಲ್ಲಿ ಮುಗಿಯುವ ಕಾವ್ಯವನ್ನು, ಪಾರ್ಲಿಮೆಂಟಿಲ್ಲದೆ ಆಳುತ್ತಿದ್ದ ದೊರೆಯ ಕೈಗಿಟ್ಟ.

ಇದನ್ನು ಧೈರ್ಯ ಎನ್ನಬೇಕೇ? ನಾನು ಮೊದಲು ಹಾಗೇ ಅಂದುಕೊಂಡಿದ್ದೆ. ಓದುತ್ತ ಹೋದಾಗ ಅಷ್ಟು ಸರಳವಲ್ಲ ಎನ್ನಿಸಿತು. ಲೂಕನ್‌ನ ಸೀಸರ್ ಸಿಡಿಲು, ಬಿದ್ದಲ್ಲೆಲ್ಲ ಸುಡುತ್ತಾನೆ. ಮೇಯ ಸೀಸರ್‌ಗೆ ಮನುಷ್ಯನ ಅಳತೆ ಹೆಚ್ಚು. ಅವನಲ್ಲಿ ದೊಡ್ಡತನವಿದೆ, ಬಿದ್ದಾಗ ಅಯ್ಯೋ ಎನ್ನಿಸುತ್ತದೆ. ಅಳಿದ ಸ್ವಾತಂತ್ರ್ಯಕ್ಕಾಗಿ ಮರುಗುವ ಕವಿಯೇ ಅದನ್ನು ಅಳಿಸಿದವನಿಗಾಗಿಯೂ ಮರುಗುತ್ತಾನೆ. ಲೂಕನ್‌ನ ಕೋಪ ಆರಿಹೋಗಿದೆ ಎಂದು ದೂರುವವರಿಗೆ ಇದು ಸಪ್ಪೆ ಎನ್ನಿಸಬಹುದು. ನನಗೆ ಮಾತ್ರ ಇದು ಎರಡು ಕಡೆಗೂ ಕಿವಿಗೊಡುತ್ತಿದ್ದ, ಇನ್ನೂ ಯಾವ ಕಡೆಗೂ ಹೋಗಿರದ ಒಬ್ಬ ಮನುಷ್ಯನ ಬರವಣಿಗೆ ಎನ್ನಿಸಿತು. 1630ರ ಇಂಗ್ಲೆಂಡಿನಲ್ಲಿ ಅಂಥವರು ಬಹಳ ಮಂದಿ ಇದ್ದಿರಬೇಕು. ಅಂತರ್ಯುದ್ಧ ಇನ್ನೂ ಪುಸ್ತಕದೊಳಗಿನ ಮಾತಾಗಿದ್ದ ಕಾಲ ಅದು.

ದೊರೆ ಕೋಪಿಸಿಕೊಳ್ಳಲಿಲ್ಲ, ಮೆಚ್ಚಿಕೊಂಡ. ಎರಡನೆಯ ಹೆನ್ರಿ, ಮೂರನೆಯ ಎಡ್ವರ್ಡ್ ದೊರೆಗಳ ಬಗ್ಗೆ ಮೇ ಬರೆದ ಕಥನಕಾವ್ಯಗಳು ರಾಜಾಜ್ಞೆಯ ಮೇಲೆ ಬರೆದವು. 1634ರ ಒಂದು ಪತ್ರದಲ್ಲಿ ಸ್ವಾರಸ್ಯದ ಪ್ರಸಂಗವಿದೆ. ಅರಮನೆಯ ಉತ್ಸವದ ನೂಕುನುಗ್ಗಲಿನಲ್ಲಿ ಪೆಂಬ್ರೋಕ್‌ನ ಅರ್ಲ್, ಯಾರೆಂದು ಗೊತ್ತಿಲ್ಲದೆ, ತನ್ನ ಅಧಿಕಾರದ ಕೋಲನ್ನು ಮೇಯ ಬೆನ್ನಮೇಲೆ ಮುರಿಯುವಂತೆ ಬಾರಿಸಿದ. ಅವನು ನನ್ನ ಕವಿ ಎಂದು ದೊರೆಯೇ ಹೇಳಿದ ಮೇಲೆ, ಮಾರನೆಯ ಬೆಳಿಗ್ಗೆ ಅರ್ಲ್ ಮೇಯನ್ನು ಕರೆಸಿ ತಪ್ಪಾಯಿತೆಂದು 50 ಪೌಂಡ್ ಕೊಟ್ಟ. ಆಸ್ಥಾನದಲ್ಲಿ ಕವಿಯ ಜಾಗ ಎಷ್ಟು ಎಂಬುದಕ್ಕೆ ಆ ಪೆಟ್ಟೂ ಆ ಹಣವೂ ಒಟ್ಟಿಗೇ ಸಾಕ್ಷಿ.

1637ರಲ್ಲಿ ಜಾನ್ಸನ್ ತೀರಿಕೊಂಡ. ಅವನ ಸ್ಥಾನ ಮತ್ತು ಅದರ ಜೊತೆಗಿನ ವರ್ಷಾಶನ ಮರುವರ್ಷ ವಿಲಿಯಂ ಡಾವೆನಂಟ್‌ಗೆ ಹೋಯಿತು. ಮೇಗೆ ಸಿಗಲಿಲ್ಲ. 1640ರಲ್ಲಿ ಅವನು ತನ್ನ ಮುಂದುವರಿಕೆಯನ್ನು ಲ್ಯಾಟಿನ್ ಷಟ್ಪದಿ ಗಣಗಳಲ್ಲಿ ಮತ್ತೆ ಬರೆದು ಹಾಲೆಂಡಿನ ಲೈಡನ್‌ನಲ್ಲಿ ಅಚ್ಚು ಹಾಕಿಸಿದ. ಬರೀ ಅನುವಾದವಲ್ಲ, ಹಲವು ಕಡೆ ಬದಲಿಸಿದ. ಲೂಕನ್‌ನ ಭಾಷೆಯಲ್ಲೇ, ಅವನ ಛಂದಸ್ಸಿನಲ್ಲೇ, ಅವನು ಬಿಟ್ಟ ಸಾಲಿನಿಂದ! ಮುಂದೆ ಯುರೋಪಿನಲ್ಲಿ ಅಚ್ಚಾದ ಲೂಕನ್‌ನ ಎಷ್ಟೋ ಪ್ರತಿಗಳ ಕೊನೆಯಲ್ಲಿ ಇದನ್ನು ಸೇರಿಸಿ ಹೊಲಿದರು. ಒಂದು ಶತಮಾನದ ಮೇಲೆ ಸ್ಯಾಮ್ಯುಯೆಲ್ ಜಾನ್ಸನ್, ಲ್ಯಾಟಿನ್ ಪದ್ಯದ ಮಟ್ಟಿಗೆ ಮೇಯನ್ನು ಕೌಲಿಗಿಂತ, ಮಿಲ್ಟನ್‌ಗಿಂತಲೂ ಮೇಲೆ ಇಟ್ಟ.

ಅದೇ 1640ರ ನವೆಂಬರಿನಲ್ಲಿ ಪಾರ್ಲಿಮೆಂಟ್ ಸೇರಿತು. 1642ರ ಆಗಸ್ಟಿನಲ್ಲಿ ದೊರೆ ನಾಟಿಂಗ್‌ಹ್ಯಾಮಿನಲ್ಲಿ ಯುದ್ಧಧ್ವಜ ಏರಿಸಿದ. ಎಷ್ಟೋ ವರ್ಷದಿಂದ ರೋಮಿನ ಅಂತರ್ಯುದ್ಧದ ಜೊತೆ ಬದುಕಿದ್ದ ಮನುಷ್ಯನ ಊರಿಗೇ ಅಂತರ್ಯುದ್ಧ ಬಂತು. ಮೇ ಪಾರ್ಲಿಮೆಂಟಿನ ಕಡೆ ನಿಂತ. 1647ರಲ್ಲಿ ಅವನ 'ಪಾರ್ಲಿಮೆಂಟಿನ ಇತಿಹಾಸ' ಬಂದಾಗ ಹೆಸರಿನ ಮುಂದೆ ಪಾರ್ಲಿಮೆಂಟಿನ ಕಾರ್ಯದರ್ಶಿ ಎಂದಿತ್ತು. ಹಣ ಪಡೆದು ಬರೆದ ಪುಸ್ತಕ ಎಂದು ಶತ್ರುಗಳು ಹೇಳಿದರು. ಆದರೆ ಅದರ ಮುನ್ನುಡಿ ಓದಿದರೆ ಆಶ್ಚರ್ಯವಾಗುತ್ತದೆ. ಒಡೆದ ದೇಶದಲ್ಲಿ ನಿಂತು ಸತ್ಯ ಬರೆಯುವುದು ಎಷ್ಟು ಕಷ್ಟ ಎಂದು ಅವನು ಹೇಳಿಕೊಳ್ಳುತ್ತಾನೆ. ತಾನು ಒಡನಾಡಿದ ಪಕ್ಷದ ವಿಷಯ ಹೆಚ್ಚು ಬಂದಿದ್ದರೆ, ಅದು ತನಗೆ ಆ ಕಡೆಯ ಬೆಳಕು ಹೆಚ್ಚು ಸಿಕ್ಕಿದ್ದರಿಂದ ಎಂದು ಒಪ್ಪಿಕೊಳ್ಳುತ್ತಾನೆ. ಆ ಇತಿಹಾಸವೂ 1643ರ ನ್ಯೂಬರಿ ಕದನಕ್ಕೆ ನಿಂತುಹೋಗುತ್ತದೆ. ಲೂಕನ್‌ನ ಸಾಲುಗಳು ಅದರ ಒಳಗೂ ಬರುತ್ತವೆ.

1649ರ ಜನವರಿ 30ರಂದು ಚಾರ್ಲ್ಸ್‌ನ ತಲೆ ಕತ್ತರಿಸಿದರು. ಹತ್ತೊಂಬತ್ತು ವರ್ಷದ ಹಿಂದೆ ಸೀಸರನ ಕೊಲೆಯ ಕಾವ್ಯವನ್ನು ತನ್ನ ಹೆಸರಿಗೆ ಸ್ವೀಕರಿಸಿದ್ದ ದೊರೆ. ಆ ದಿನ ಮೇಯ ಮನಸ್ಸಿನಲ್ಲಿ ಏನು ಹಾದುಹೋಯಿತೋ! ತನ್ನ ಕಾವ್ಯದ ಕೊನೆಯ ಪುಟ ನೆನಪಾಗದೆ ಇದ್ದೀತೇ?

1650ರ ನವೆಂಬರಿನಲ್ಲಿ ಮೇ ಒಂದು ರಾತ್ರಿ ಮಲಗಿದವನು ಏಳಲಿಲ್ಲ. ಕುಡಿದು ಮಲಗಿದ್ದ, ಗಲ್ಲದ ಕೆಳಗೆ ಬಿಗಿಯಾಗಿ ಕಟ್ಟಿದ್ದ ಟೋಪಿಯ ದಾರ ಉಸಿರುಗಟ್ಟಿಸಿತು ಎಂಬ ಕಥೆ ಹಬ್ಬಿತು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಮರ್ಯಾದೆಯಿಂದ ಮಣ್ಣು ಮಾಡಿದರು. ಆ ಮೇಲೆ ಶುರುವಾಯಿತು ನೋಡಿ, ಅವನ ಬದುಕಿನ ಮುಂದುವರಿಕೆ. ಬೇರೆಯವರು ಬರೆದದ್ದು.

ಹಳೆಯ ಗೆಳೆಯ ಕ್ಲಾರೆಂಡನ್ ತನ್ನ ಆತ್ಮಕಥೆಯಲ್ಲಿ ಮೇಯ ಮುಂದುವರಿಕೆಯನ್ನು ಇಂಗ್ಲಿಷಿನ ಅತ್ಯುತ್ತಮ ಮಹಾಕಾವ್ಯಗಳಲ್ಲಿ ಒಂದು ಎಂದು ಹೊಗಳಿದ. ಅದೇ ಉಸಿರಿನಲ್ಲಿ, ವರ್ಷಾಶನ ಸಿಗದ ಸಿಟ್ಟಿಗೆ ದೊರೆಯನ್ನು ಬಿಟ್ಟುಹೋದ, ಮಾನದ ಜೊತೆಗೆ ಬುದ್ಧಿಯನ್ನೂ ಕಳೆದುಕೊಂಡ, ಮರೆಯಲು ಯೋಗ್ಯ ಎಂದು ತೀರ್ಪಿತ್ತ. ಮಾರ್ವೆಲ್‌ನ ಪದ್ಯವೂ ಅದೇ ಮಾತಾಡಿತು. ಅದು ಅಚ್ಚಾದದ್ದು ಮಾರ್ವೆಲ್ ಸತ್ತ ಮೇಲೆ, 1681ರಲ್ಲಿ. ವಿಚಿತ್ರವೆಂದರೆ, ಮಾರ್ವೆಲ್ ಅದೇ 1650ರಲ್ಲಿ ಕ್ರಾಮ್‌ವೆಲ್‌ನ ಮೇಲೆ ಬರೆದ ಪ್ರಸಿದ್ಧ ಪ್ರಗಾಥದಲ್ಲಿ ಮೇಯ ಲೂಕನ್ ಅನುವಾದದ ಪ್ರತಿಧ್ವನಿಗಳಿವೆ. ಬೈದವನ ಮೇಜಿನ ಮೇಲೆ ಬೈಸಿಕೊಂಡವನ ಪುಸ್ತಕ ತೆರೆದಿತ್ತು ಎಂದಾಯಿತು. ಕೆಲವು ವರ್ಷಗಳಲ್ಲಿ ಮಾರ್ವೆಲ್ ಕೂಡ ಕ್ರಾಮ್‌ವೆಲ್‌ನ ಸರ್ಕಾರದಲ್ಲಿ ಕೆಲಸಕ್ಕೆ ಸೇರಿದ.

1660ರಲ್ಲಿ ರಾಜಮನೆತನ ಮರಳಿತು. ಮರುವರ್ಷ, ದೊರೆಯ ಅಪ್ಪಣೆಯಂತೆ ಅಬ್ಬೆಯಲ್ಲಿ ಮಲಗಿದ್ದ ಪಾರ್ಲಿಮೆಂಟ್ ಪಕ್ಷದವರ ಶವಗಳನ್ನು ಅಗೆದು ತೆಗೆದು, ಪಕ್ಕದ ಸೇಂಟ್ ಮಾರ್ಗರೆಟ್ ಚರ್ಚಿನ ಅಂಗಳದ ಒಂದೇ ಗುಂಡಿಗೆ ಸುರಿದರು. ನೌಕಾಪತಿ ಬ್ಲೇಕ್, ಪಾರ್ಲಿಮೆಂಟಿನ ನಾಯಕ ಪಿಮ್, ಕ್ರಾಮ್‌ವೆಲ್‌ನ ತಾಯಿ, ಇವರ ಜೊತೆಗೆ ಥಾಮಸ್ ಮೇ.

ಮೇ ವರ್ಷಾಶನಕ್ಕಾಗಿಯೇ ಪಕ್ಷ ಬದಲಿಸಿದನೇ? ಆ ನೋವು ಇದ್ದಿರಬಹುದು. ಮನುಷ್ಯನಿಗೆ ಅವಮಾನವೂ ಒಂದು ಕಾರಣವೇ. ಆದರೆ ಅದೊಂದೇ ಕಾರಣ ಎನ್ನುವವರು 1627ರ ಆ ಕಿತ್ತ ಹಾಳೆಗಳಿಗೆ ಉತ್ತರ ಹೇಳಬೇಕು. ಜಾನ್ಸನ್ ಸಾಯುವ ಹತ್ತು ವರ್ಷ ಮೊದಲೇ, ಸಿಗದ ವರ್ಷಾಶನದ ಪ್ರಶ್ನೆಯೇ ಹುಟ್ಟುವ ಮೊದಲೇ, ಅವನು ಸೋತ ಗಣರಾಜ್ಯದ ಕವಿಯನ್ನು ಆರಿಸಿಕೊಂಡಿದ್ದ. ನಮಗೆ ಇಷ್ಟವಾಗದ ಕಡೆಗೆ ಹೋದವನು ಹಣಕ್ಕಾಗಿ ಹೋದ, ನಮ್ಮ ಕಡೆಗೆ ಬಂದವನು ಆತ್ಮಸಾಕ್ಷಿಗಾಗಿ ಬಂದ ಎನ್ನುವುದು ಎಲ್ಲ ಕಾಲದ ಲೆಕ್ಕ. ಹಾಗೆಂದು ಮೇಯನ್ನು ವೀರನನ್ನಾಗಿ ಮಾಡಲು ಹೊರಟರೆ ಅದೂ ಸುಳ್ಳೇ. ದೊರೆಯ ಕೈಯಿಂದ ಉಂಡವನು, ಎರಡು ಕಡೆಗೂ ಬರೆದವನು. ಲೂಕನ್ ಕೂಡ ನೀರೋನನ್ನು ಹೊಗಳಿದ್ದ, ತಾಯಿಯ ಹೆಸರು ಹೇಳಿದ್ದ. ಅವನ ಕೊನೆಯ ಗಳಿಗೆಯನ್ನು ಟ್ಯಾಸಿಟಸ್‌ನಂಥವನು ಬರೆದ. ಮೇಯದನ್ನು ಬರೆದವರು ಅವನ ವಿರೋಧಿಗಳು.

ಮೊನ್ನೆ ಮತ್ತೆ ಆ ಮುಂದುವರಿಕೆಯ ಮೊದಲ ಪುಟ ತೆರೆದೆ. ಸೀಸರ್ ಇನ್ನೂ ಅಲೆಕ್ಸಾಂಡ್ರಿಯಾದಲ್ಲಿ ಸಿಕ್ಕಿಬಿದ್ದಿದ್ದಾನೆ. ಅವನು ಹೇಗಾದರೂ ಮಾಡಿ ಅಲ್ಲಿಂದ ಪಾರಾಗಲೇಬೇಕು, ಯಾಕೆಂದರೆ ಕಥೆ ಮುಂದೆ ಹೋಗಬೇಕು. ತೊದಲು ನಾಲಿಗೆಯ ಒಬ್ಬ ಬಡ ಕುಲೀನ, ಲಂಡನ್ನಿನ ಯಾವುದೋ ಕೋಣೆಯಲ್ಲಿ, ಸತ್ತ ಕವಿಯ ಕೊನೆಯ ಸಾಲನ್ನು ಮತ್ತೆ ಓದಿ, ಅದರ ಕೆಳಗೆ ತನ್ನ ಮೊದಲ ಸಾಲು ಬರೆದಿದ್ದಾನೆ. ನಾನು ಅಲ್ಲಿಂದ ಓದಲು ಶುರುಮಾಡಿದೆ. ಈ ಸಲ ನಗು ಬರಲಿಲ್ಲ.